ದೂರ 14 ಸಾವಿರ ಕಿ.ಮೀ. ಸರಿ, ಹೊತ್ತಿನ ಲೆಕ್ಕವನ್ನೂ ಬಿಡಿಸಿ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪ್ರಶ್ನೋತ್ತರ ಅಂಕಣದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಬೆಂಗಳೂರು ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಹೋಗೋಕೆ ಎಷ್ಟು ಹೊತ್ತು ಬೇಕು ಅಂತ. ‘ಸುಮಾರು 14 ಸಾವಿರ ಕಿ.ಮೀ., ನೇರ ವಿಮಾನದಲ್ಲಿ 16 ಗಂಟೆ’ ಎಂದು ಒಂದೇ ಸಾಲಿನ ಉತ್ತರ ಬಂದಿತ್ತು. ಉತ್ತರದಲ್ಲಿ ತಪ್ಪಿಲ್ಲ. ಆದರೆ ಆ ಒಂದು ಸಾಲು ಸಾಲದು. ಯಾಕೆ ಸಾಲದು ಅಂತ ಹೇಳುವುದಕ್ಕೇ ಈ ಪತ್ರ. ಉದ್ದವಾಯಿತು ಅಂತ ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ತಿಪಟೂರಿನವಳು. ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದೆ. ಅಕ್ಷಾಂಶ, ರೇಖಾಂಶ ನನ್ನ ಇಷ್ಟದ ಪಾಠ. ನಮ್ಮ ಸುತ್ತಮುತ್ತಲ ಊರುಗಳಲ್ಲಿ ಈಗ ಮನೆಗೊಬ್ಬರು ಅನ್ನುವಷ್ಟು ಮಕ್ಕಳು ಹೊರದೇಶದಲ್ಲಿದ್ದಾರೆ. ತೆಂಗಿನ ತೋಟ ನೋಡಿಕೊಂಡು, ಕೊಬ್ಬರಿ ಸುಲಿಸಿಕೊಂಡು ಇದ್ದ ಅಪ್ಪ ಅಮ್ಮಂದಿರು ಅರವತ್ತು ದಾಟಿದ ಮೇಲೆ ಮೊದಲ ಸಲ ವಿಮಾನ ಹತ್ತುತ್ತಾರೆ. ಆ ಮೊದಲ ಪ್ರಯಾಣವೇ ಭೂಮಿಯ ಆ ಕಡೆಗೆ. ನಿಮ್ಮ ಅಂಕಣದ ಉತ್ತರವನ್ನು ಕತ್ತರಿಸಿ ಕ್ಯಾಲೆಂಡರ್ ಹಿಂದೆ ಇಟ್ಟುಕೊಳ್ಳುವವರು ಅವರೇ.

2023ರ ಜನವರಿಯಲ್ಲಿ ನಮ್ಮ ಅಕ್ಕ, ಭಾವ ಹಾಗೆ ಹೊರಟರು. ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನ್ನಿವೇಲ್‌ನಲ್ಲಿದ್ದಾಳೆ, ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅಂತ ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಮಗುವಿಗೆ ಹಳೇ ಸೀರೆಯಲ್ಲಿ ಹೊಲಿದ ಕುಲಾವಿ, ಎಲ್ಲ ಸೇರಿ ನಾಲ್ಕು ಪೆಟ್ಟಿಗೆ ಆಯಿತು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಎರಡು ಕಡೆ ಹಳದಿ ಬಣ್ಣ ಬಳಿದಿತ್ತು. ಹೊರಡುವುದು ಮಧ್ಯಾಹ್ನ 2.30, ತಲುಪುವುದು ಸಂಜೆ 5.00, ಎರಡಕ್ಕೂ ಒಂದೇ ತಾರೀಕು. ‘ಮಧ್ಯಾಹ್ನ ಊಟ ಮಾಡಿ ಹತ್ತಿ, ಸಂಜೆ ಕಾಫಿಗೆ ಮಗಳ ಊರಲ್ಲಿರ್ತೀರ’ ಎಂದು ಅವರು ಹೇಳಿ ಕಳಿಸಿದರು.

16 ಗಂಟೆ ಕೂರಬೇಕು ಅನ್ನುವುದು ಅಕ್ಕನಿಗೂ ಭಾವನಿಗೂ ಗೊತ್ತಿರಲಿಲ್ಲ ಅಂತಲ್ಲ. ಮಗಳು ಫೋನಿನಲ್ಲಿ ಹತ್ತು ಸಲ ಹೇಳಿದ್ದಳು. ಆದರೆ ಸಾಮಾನು ಕಟ್ಟುವಾಗ ಕಣ್ಣ ಮುಂದೆ ಇದ್ದದ್ದು ಆ ಹಳದಿ ಗೆರೆ. ಭಾವನಿಗೆ ಸಕ್ಕರೆ ಕಾಯಿಲೆ. ರಾತ್ರಿ ಒಂಬತ್ತಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಹನ್ನೊಂದು ವರ್ಷದಿಂದ ತಪ್ಪಿಸಿಲ್ಲ. ಸಂಜೆ ಐದಕ್ಕೆ ಇಳಿದರೆ ಒಂಬತ್ತರ ಹೊತ್ತಿಗೆ ಮಗಳ ಮನೆಯಲ್ಲೇ ಇರ್ತೀವಲ್ಲ ಅಂತ ಇಬ್ಬರೂ ಮಾತಾಡಿಕೊಂಡು, ಇನ್ಸುಲಿನ್ ಪೆನ್ನನ್ನು ಒಂದು ಟವೆಲಿನಲ್ಲಿ ಸುತ್ತಿ, ಒಡೆಯದ ಹಾಗೆ ದೊಡ್ಡ ಪೆಟ್ಟಿಗೆಯ ನಡುವೆ ಇಟ್ಟರು. ಆ ಪೆಟ್ಟಿಗೆ ವಿಮಾನದ ಹೊಟ್ಟೆಗೆ ಹೋಯಿತು.

ಭಾವ ಕೈಗಡಿಯಾರ ಬದಲಾಯಿಸಿರಲಿಲ್ಲ. ಹತ್ತಿ ಆರೂವರೆ ಗಂಟೆ ಆದ ಮೇಲೆ ಅದರಲ್ಲಿ ಒಂಬತ್ತಾಯಿತು. ಹೊರಗೆ ಕತ್ತಲು, ಕೆಳಗೆ ಸಮುದ್ರ. ಇನ್ನೂ ಒಂಬತ್ತೂವರೆ ಗಂಟೆ ದಾರಿ ಬಾಕಿ. ಆಗ ಇಬ್ಬರಿಗೂ ಎದೆ ಧಸಕ್ ಅಂದಿತು. ಅಕ್ಕ ವಿಮಾನದ ಹುಡುಗಿಯನ್ನು ಕರೆದು ಕನ್ನಡದಲ್ಲೇ ಹೇಳಿದಳು. ಪಕ್ಕದ ಸೀಟಿನ ಹುಡುಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ವಿಮಾನದಲ್ಲಿ ಡಾಕ್ಟರ್ ಯಾರಾದರೂ ಇದ್ದಾರಾ ಎಂದು ಕೂಗಿ ಕೇಳಿದರು. ಒಬ್ಬರು ಎದ್ದು ಬಂದರು, ನೋಡಿದರು, ಅನ್ನ ಸಿಹಿ ಮುಟ್ಟಬೇಡಿ, ನೀರು ಕುಡಿಯಿರಿ, ಎದ್ದು ಓಡಾಡಿ ಅಂದರು. ಅಷ್ಟೇ ಅವರು ಮಾಡಬಹುದಾಗಿದ್ದದ್ದು. ಇಳಿದು, ಪಾಸ್‌ಪೋರ್ಟ್ ಸಾಲು ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಮಗಳ ಮನೆ ಸೇರಿದಾಗ ಅಲ್ಲಿ ರಾತ್ರಿ ಎಂಟು. ಬೆರಳು ಚುಚ್ಚಿ ನೋಡಿದರೆ 386. ಹಿಂದಿನ ಇಂಜೆಕ್ಷನ್ ಆಗಿ ಆಗಲೇ ಮೂವತ್ತಾರೂವರೆ ಗಂಟೆ ಕಳೆದಿತ್ತು. ಎರಡು ದಿನ ಭಾವ ಹಾಸಿಗೆ ಬಿಟ್ಟು ಏಳಲಿಲ್ಲ. ಬಾಣಂತಿಯನ್ನು ನೋಡಿಕೊಳ್ಳಲು ಹೋದ ಅಕ್ಕ ಗಂಡನಿಗೆ ಗಂಜಿ ಕಾಯಿಸುತ್ತ ಕೂತಳು.

ಮೂವತ್ತಾರೂವರೆ ಗಂಟೆ ಹೇಗಾಯಿತು ಅಂತ ನಾನು ಆ ರಾತ್ರಿ ಫೋನ್ ಇಟ್ಟ ಮೇಲೆ ಕಾಗದದಲ್ಲಿ ಲೆಕ್ಕ ಹಾಕಿದೆ. ಅಲ್ಲಿ ರಾತ್ರಿ ಎಂಟು ಅಂದರೆ ನಮ್ಮಲ್ಲಿ ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆ. ಹಾಳೆಯಲ್ಲಿ ತಾರೀಕು ಒಂದೇ ಇರಬಹುದು. ಭಾವನ ಮೈಗೆ ಮಾತ್ರ ನಡುವೆ ಒಂದು ಇಡೀ ರಾತ್ರಿ ಕಳೆದು ಬೆಳಗಾಗಿತ್ತು. ಆ ರಾತ್ರಿಯ ಇಂಜೆಕ್ಷನ್ ತಪ್ಪಿತ್ತು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ದೂರದ ಊರಿನ ವಿಮಾನದ ಬಗ್ಗೆ ಬರೆಯುವಾಗ ಎಷ್ಟು ಗಂಟೆ ಕೂರಬೇಕು, ಗಡಿಯಾರ ಎಷ್ಟು ಹಿಂದೆ ಮುಂದೆ ಆಗುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ಹೇಳಿ. ಹೋಗುವುದಕ್ಕೆ ಒಂದು ಲೆಕ್ಕ, ಬರುವುದಕ್ಕೆ ಇನ್ನೊಂದು ಲೆಕ್ಕ ಅಂತಲೂ ಹೇಳಿ.

ಮೊದಲು ದೂರದ ವಿಷಯಕ್ಕೆ ಬರುತ್ತೇನೆ. ಇದು ನಾನು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸುತ್ತಿದ್ದದ್ದು. ಅಕ್ಕ ವಾಪಸ್ ಬಂದ ಮೇಲೆ ಅವಳಿಗೂ ತೋರಿಸಿದೆ. ನನ್ನ ಹತ್ತಿರ ಅಡ್ಡಳತೆ 30 ಸೆಂ.ಮೀ. ಇರುವ ಒಂದು ಹಳೇ ಗ್ಲೋಬ್ ಇದೆ. ಹೂ ಕಟ್ಟುವ ನೂಲಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿಯಲು ಅಕ್ಕನಿಗೆ ಹೇಳಿದೆ. ಇನ್ನೊಂದು ತುದಿಯನ್ನು ನಾನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಹಿಡಿದು ಬಿಗಿಯಾಗಿ ಎಳೆದೆ. ನೂಲು ತಾನಾಗೇ ಜಾರಿ ಮೇಲಕ್ಕೆ ಹೋಯಿತು. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ಅಲ್ಲಿಂದ ಆರ್ಕ್ಟಿಕ್ ಕಡಲ ದಂಡೆ. ಅಲ್ಲಿ ಅದು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ ಆ ಕಡೆ ಇಳಿಯಿತು. ಅಲಾಸ್ಕಾದ ಡೆನಾಲಿ ಪರ್ವತದ ಪಕ್ಕ ಹಾಯ್ದು ಕ್ಯಾಲಿಫೋರ್ನಿಯಾಗೆ ಬಂತು. ‘ಇದೇನೇ, ಅಮೆರಿಕಕ್ಕೆ ಹಿಮಾಲಯದ ಮೇಲೆ ಹೋಗ್ಬೇಕಾ?’ ಎಂದಳು ಅಕ್ಕ. ಎಂಟನೇ ಕ್ಲಾಸಿನ ಮಕ್ಕಳೂ ಹೀಗೇ ಕಣ್ಣರಳಿಸುತ್ತಿದ್ದರು.

ನೂಲನ್ನು ತೆಗೆದು ಅಳತೆಪಟ್ಟಿಯ ಮೇಲಿಟ್ಟರೆ 33 ಸೆಂ.ಮೀ. ಆ ಗ್ಲೋಬಿನ ನಡುಪಟ್ಟಿ ಸುಮಾರು 94 ಸೆಂ.ಮೀ., ಅದು ಭೂಮಿಯ 40 ಸಾವಿರ ಕಿ.ಮೀ.ಗೆ ಸಮ. ಲೆಕ್ಕ ಹಾಕಿದರೆ 14 ಸಾವಿರ ಬರುತ್ತದೆ. ನಿಮ್ಮ ಅಂಕಣದ ಸಂಖ್ಯೆಯೇ. ಇದು ಎರಡು ನಿಲ್ದಾಣಗಳ ನಡುವೆ ಭೂಮಿಯ ಉಬ್ಬಿನ ಮೇಲೆ ಅತಿ ಹತ್ತಿರದ ದಾರಿ.

ಗೋಡೆಯ ಭೂಪಟ ನೋಡಿದವರಿಗೆ ಇದು ನಂಬೋಕೆ ಕಷ್ಟ. ಶಾಲೆಯ ಭೂಪಟದಲ್ಲಿ ನಡುವೆ ಆಫ್ರಿಕಾ, ಎಡತುದಿಗೆ ಅಮೆರಿಕ ಇರುತ್ತದೆ. ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಸಹಾರಾ, ಅಟ್ಲಾಂಟಿಕ್ ಹಾಯ್ದು ಹೋಗುತ್ತದೆ. ಆ ಗೆರೆ ಹಿಡಿದು ನಿಜವಾಗಿ ಹಾರಿದರೆ ಸುಮಾರು 20 ಸಾವಿರ ಕಿ.ಮೀ. ಆಗುತ್ತದೆ, ಅಂದರೆ 6 ಸಾವಿರ ಜಾಸ್ತಿ. ಉರುಟಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಬಡಿದಾಗ ಉತ್ತರ ದಕ್ಷಿಣದ ತುದಿಗಳು ರಬ್ಬರಿನ ಹಾಗೆ ಹಿಗ್ಗುತ್ತವೆ. ಹತ್ತಿರದ ದಾರಿ ಆ ಹಿಗ್ಗಿದ ಜಾಗದಲ್ಲೇ ಅಡಗಿರುತ್ತದೆ. ನಿಮ್ಮ ಪತ್ರಿಕೆ ವಿಮಾನದ ಸುದ್ದಿಗೆ ಚಪ್ಪಟೆ ನಕ್ಷೆ ಹಾಕಿ ಅದರ ಮೇಲೆ ನೇರ ಬಾಣ ಬಿಡಿಸುವುದನ್ನು ನೋಡಿದಾಗಲೆಲ್ಲ ನನಗೆ ಕೈ ತುರಿಸುತ್ತದೆ. ದಯವಿಟ್ಟು ಬಾಗಿದ ಗೆರೆ ಹಾಕಿ.

ಇನ್ನೊಂದು ಗೊಂದಲವಿದೆ. ನನ್ನ ತಮ್ಮನ ಮಗ ಫೋನಿನಲ್ಲಿ ಹುಡುಕಿ ‘8,700 ಇದೆಯಲ್ಲ ಅತ್ತೆ, ನೀವು 14 ಸಾವಿರ ಅಂತೀರಿ’ ಅಂದ. ಅವನು ನೋಡಿದ್ದು ಮೈಲಿ. ವಿಮಾನ ನಡೆಸುವವರ ಲೆಕ್ಕ ಮತ್ತೂ ಬೇರೆ, ಅವರದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಅವರ ಲೆಕ್ಕದಲ್ಲಿ ಇದೇ ದೂರ ಸುಮಾರು 7,550. ಮೂರೂ ಸರಿಯೇ. ಸಂಖ್ಯೆಯ ಮುಂದೆ ಕಿ.ಮೀ. ಅಂತ ನೀವು ಹಾಕಿದ್ದಿರಿ, ಅದು ಒಳ್ಳೆಯದಾಯಿತು.

ಇಷ್ಟು ಹೇಳಿದ ಮೇಲೆ ಒಂದು ಮಾತು ಸೇರಿಸಲೇಬೇಕು. ವಿಮಾನ ನನ್ನ ನೂಲಿನ ಮೇಲೆ ಹೋಗುವುದಿಲ್ಲ. ಟಿಬೆಟ್ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ವಿಮಾನ ಕೂಡಲೇ ಹತ್ತು ಸಾವಿರ ಅಡಿಯ ಹತ್ತಿರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಅದಕ್ಕೇ ಸಾಮಾನ್ಯವಾಗಿ ಆ ಜಾಗವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಒಂದು ಎಂಜಿನ್ ಕೈಕೊಟ್ಟರೆ ಗೊತ್ತಾದ ಸಮಯದೊಳಗೆ ಇಳಿಯಲು ಒಂದು ನಿಲ್ದಾಣ ಸಿಗುವ ಹಾಗೂ ದಾರಿ ಆರಿಸಬೇಕು. ಕೆಳಗಿನ ದೇಶ ಒಪ್ಪಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಹಾಕಬೇಕಾಯಿತು. ಊರುಗಳ ನಡುವಿನ ದೂರ ಅಷ್ಟೇ ಇತ್ತು, ಹೊತ್ತು ಮಾತ್ರ ಜಾಸ್ತಿಯಾಯಿತು.

ಈ ಎರಡು ನಿಲ್ದಾಣಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮೂವರು ಪೈಲಟ್‌ಗಳು, ನಾಲ್ವರೂ ಹೆಂಗಸರು. ಉತ್ತರ ಧ್ರುವದ ದಾರಿ ಹಿಡಿದು ಅವರು ದೇವನಹಳ್ಳಿಯಲ್ಲಿ ಇಳಿದದ್ದು ಜನವರಿ 11ರ ಬೆಳಗಿನ ಜಾವ. ಹಾರಿದ್ದು ಸುಮಾರು 16 ಸಾವಿರ ಕಿ.ಮೀ. ಎಂದು ಆಗ ಪತ್ರಿಕೆಗಳಲ್ಲಿ ಬಂತು. ಆ ಸುದ್ದಿಯನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ನಾನು ಪಾಠ ಹೇಳಿದ ಹೆಣ್ಣುಮಕ್ಕಳನ್ನು ನೆನೆದು ಅವತ್ತು ತುಂಬಾ ಸಂತೋಷಪಟ್ಟೆ. ಆಗಲೂ ಪಕ್ಕದ ಮನೆಯವರು ಬಂದು ಕೇಳಿದ್ದು ಒಂದೇ: ‘9ಕ್ಕೆ ಹೊರಟು 11ಕ್ಕೆ ಬಂದರೆ ಎರಡು ದಿನ ಹಾರಿದ್ರಾ?’ ಹಾರಿದ್ದು 17 ಗಂಟೆಯ ಆಚೀಚೆ. ಉಳಿದದ್ದೆಲ್ಲ ಗಡಿಯಾರದ್ದು.

ಆ ಗಡಿಯಾರದ ಲೆಕ್ಕ ಎಂಟನೇ ಕ್ಲಾಸಿನ ಲೆಕ್ಕವೇ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಹಾಗಾಗಿ 15 ಡಿಗ್ರಿಗೆ ಒಂದು ಗಂಟೆ. ನಮ್ಮ ಭಾರತದ ಸಮಯ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ್ದು. ಕ್ಯಾಲಿಫೋರ್ನಿಯಾದ ಸಮಯ 120 ಡಿಗ್ರಿ ಪಶ್ಚಿಮದ್ದು. ಕೂಡಿದರೆ ಇನ್ನೂರ ಎರಡೂವರೆ. ಹದಿನೈದರಿಂದ ಭಾಗಿಸಿದರೆ ಹದಿಮೂರೂವರೆ ಗಂಟೆ. ಅಲ್ಲಿಯವರು ಅಷ್ಟು ಹಿಂದೆ. ಆದರೆ ಇದು ಚಳಿಗಾಲಕ್ಕೆ ಮಾತ್ರ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ, ನವೆಂಬರ್ ಮೊದಲ ಭಾನುವಾರ ವಾಪಸ್ ತರುತ್ತಾರೆ. ನಡುವಿನ ತಿಂಗಳುಗಳಲ್ಲಿ ಅಂತರ ಹನ್ನೆರಡೂವರೆ ಗಂಟೆ.

ಒಂದು ವರ್ಷ ಬಿಟ್ಟು ನಾನೂ ಹೊರಟೆ. 2024ರ ಸಂಕ್ರಾಂತಿ ಮುಗಿಸಿಕೊಂಡು, ಅದೇ ವಾರದ ಶುಕ್ರವಾರ. ನನ್ನ ಮಗನೂ ಆ ಕಡೆಯೇ, ಫ್ರೀಮಾಂಟ್‌ನಲ್ಲಿ. ಭಾವನ ಕತೆ ತಲೆಯಲ್ಲಿ ಕೂತಿತ್ತು. ನನಗೆ ದಿನಾ ಬೆಳಿಗ್ಗೆ ಏಳಕ್ಕೆ ಬಿ.ಪಿ. ಮಾತ್ರೆ. ಒಂದು ತಿಂಗಳು ಮುಂಚೆಯೇ ಡಾಕ್ಟರ ಹತ್ತಿರ ಹೋಗಿ, ಎರಡು ಊರಿನ ಸಮಯ ಪಕ್ಕಪಕ್ಕ ಬರೆದ ಹಾಳೆ ತೋರಿಸಿದೆ. ಮಾತ್ರೆ ಎಲ್ಲಿ ನುಂಗಬೇಕು ಅಂತ ಅವರು ಅದರ ಮೇಲೇ ಗುರುತು ಹಾಕಿದರು. ಇನ್ಸುಲಿನ್ ಇದ್ದವರಿಗಂತೂ ಇಂಥ ಹಾಳೆ ಇಲ್ಲದೆ ಹೊರಡಲೇ ಬಾರದು, ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸಾಮಾನಿನ ಜೊತೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡುವ ಭಯವೂ ಇದೆ ಎಂದು ಅವರೇ ಹೇಳಿದರು. ಡಾಕ್ಟರ ಚೀಟಿ ಜೊತೆಗಿದ್ದರೆ ತಪಾಸಣೆಯಲ್ಲಿ ತೊಂದರೆಯಿಲ್ಲ.

ಎರಡು ಗಡಿಯಾರ ಕಟ್ಟಿಕೊಂಡೆ. ಎಡಗೈಗೆ ನಮ್ಮ ಯಜಮಾನರ ಹಳೇ ಎಚ್‌ಎಂಟಿ, ತುಮಕೂರಿನ ಕಾರ್ಖಾನೆಯದು, ಕೀ ಕೊಡುವಂಥದ್ದು. ಅದು ಊರಿನ ಸಮಯಕ್ಕೆ. ಬಲಗೈಗೆ ಮಗ ಕೊಡಿಸಿದ್ದು, ಕೂತ ಕೂಡಲೇ ಸ್ಯಾನ್ ಫ್ರಾನ್ಸಿಸ್ಕೊ ಸಮಯಕ್ಕೆ ತಿರುಗಿಸಿದೆ. ಮಡಿಲಲ್ಲಿ ಒಂದು ನೂರು ಪುಟದ ನೋಟ್‌ಬುಕ್. ಅದು ಈಗಲೂ ನನ್ನ ಮುಂದಿದೆ, ನೋಡಿಕೊಂಡೇ ಬರೆಯುತ್ತಿದ್ದೇನೆ.

ಬೆಳಿಗ್ಗೆ 6.00: ಮನೆಗೆ ಬೀಗ. ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಬೆಂಗಳೂರಿನ ಒಳಗೆ ಹೋಗದೆ ಈ ದಾರಿ ಹಿಡಿದರೆ ನಮ್ಮ ಕಡೆಯವರಿಗೆ ಸಲೀಸು. ಹತ್ತೂಕಾಲಿಗೆ ನಿಲ್ದಾಣ, ಬಿದಿರಿನ ಚಾವಣಿಯ ಹೊಸ ಟರ್ಮಿನಲ್. ನಾಲ್ಕು ಗಂಟೆ ಅಲ್ಲೇ ಕಳೆಯಿತು. ಎರಡೂವರೆಗೆ ಹೊರಟಿತು. ಬಂಗಾಳ ಕೊಲ್ಲಿ ದಾಟಿ ಪೂರ್ವಕ್ಕೆ. ಎಚ್‌ಎಂಟಿಯಲ್ಲಿ ಇನ್ನೂ ಐದು ಆಗುತ್ತಿದ್ದ ಹಾಗೇ ಕಿಟಕಿಯಾಚೆ ಸೂರ್ಯ ಮುಳುಗಿದ. ನಾವು ಪೂರ್ವಕ್ಕೆ ಓಡುತ್ತಿದ್ದೆವಲ್ಲ, ಸಂಜೆ ನಮಗೆ ಬೇಗ ಎದುರಾಯಿತು. ರಾತ್ರಿಯೂ ಚಿಕ್ಕದು. ಪೆಸಿಫಿಕ್ ಮೇಲೆ ಮತ್ತೆ ಬೆಳಕು ಹರಿಯಿತು. ಪೂರ್ವಕ್ಕೆ ಹೋಗುವವರಿಗೆ ತಾರೀಕು ಒಂದು ದಿನ ಹಿಂದೆ ಹೋಗುವ ದಿನರೇಖೆ ದಾಟಿದ ಮೇಲೆ ಮತ್ತೆ ಶುಕ್ರವಾರವೇ. ಸಂಜೆ ಐದಕ್ಕೆ ಇಳಿಯುವಾಗ ಸೂರ್ಯ ಇನ್ನೊಂದು ಸಲ ಮುಳುಗುವ ಹೊತ್ತಾಗಿತ್ತು. ಒಂದೇ ಶುಕ್ರವಾರದಲ್ಲಿ ಎರಡು ಸಂಜೆ ನೋಡಿದೆ. ಅಷ್ಟು ವರ್ಷ ಕರಿಹಲಗೆಯ ಮೇಲೆ ಗೆರೆ ಎಳೆದು ಹೇಳಿದ್ದನ್ನು ಕಣ್ಣಾರೆ ಕಂಡಾಗ ಗಂಟಲು ಕಟ್ಟಿತು.

ರಾತ್ರಿ 8ಕ್ಕೆ ಮಗನ ಮನೆ. ಎಚ್‌ಎಂಟಿಯಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಬೀಗ ಹಾಕಿದ ಹೊತ್ತಿನಿಂದ ಇಪ್ಪತ್ತೇಳೂವರೆ ಗಂಟೆ. ಸಂಪಾದಕರೇ, ತಿಪಟೂರಿನ ಅರವತ್ತೈದು ವರ್ಷದ ಹೆಂಗಸಿಗೆ 16 ಗಂಟೆಯ ಪ್ರಯಾಣ ಅಂದರೆ ನಿಜವಾಗಿ ಇಷ್ಟು. ಸಾಗರದವರಿಗೆ, ಬೀದರಿನವರಿಗೆ ಇನ್ನೂ ಜಾಸ್ತಿ. ಕಾಲು ಊದಿಕೊಳ್ಳುವುದು, ಮಲಬದ್ಧತೆ, ನಿದ್ದೆ ಕೆಡುವುದು, ಇವೆಲ್ಲ ಈ ಇಪ್ಪತ್ತೇಳೂವರೆ ಗಂಟೆಯ ಲೆಕ್ಕದಲ್ಲಿ ಬರುತ್ತವೆ.

ಮಾರ್ಚ್ 10ರ ಭಾನುವಾರ ಅಲ್ಲಿ ಗಡಿಯಾರ ಮುಂದೆ ಹೋಯಿತು. ನಾನು ದಿನಾ ಅಲ್ಲಿನ ರಾತ್ರಿ ಏಳಕ್ಕೆ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಅಮ್ಮನಿಗೆ ಅದು ಬೆಳಿಗ್ಗೆ ಎಂಟೂವರೆ, ತಿಂಡಿ ಮುಗಿಸಿ ಜಗಲಿಗೆ ಬಂದು ಕೂರುವ ಹೊತ್ತು. ಅವತ್ತು ಫೋನ್ ಏಳೂವರೆಗೇ ಹೋಯಿತು. ಸ್ನಾನಕ್ಕೆ ಹೋಗಿದ್ದ ಅಮ್ಮ, ಏನೋ ಆಗಿದೆ ಅಂತ ಗಾಬರಿಯಾಗಿ ಒದ್ದೆ ಕೈಯಲ್ಲೇ ಫೋನ್ ಹಿಡಿದರು. ಎಂಬತ್ತೇಳು ವರ್ಷದವರಿಗೆ ಬೇಸಿಗೆ ಸಮಯ ಅಂತ ನಾನು ಹೇಗೆ ತಿಳಿಸಿ ಹೇಳಲಿ? ಮರುದಿನದಿಂದ ನಾನೇ ರಾತ್ರಿ ಎಂಟಕ್ಕೆ ಮಾಡತೊಡಗಿದೆ.

ಬರುವಾಗಿನದು ಬೇರೆಯೇ ಕತೆ. ಯುಗಾದಿ ಕಳೆದು, ಏಪ್ರಿಲ್ 19ರ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಟೆ. ಬೆಂಗಳೂರಿನಲ್ಲಿ ಇಳಿದದ್ದು ಭಾನುವಾರ ಬೆಳಗಿನ ಜಾವ ಮೂರಕ್ಕೆ. ಗಡಿಯಾರದಲ್ಲಿ ಮೂವತ್ತು ಗಂಟೆ, ಕೂತದ್ದು ಹದಿನೇಳೂವರೆ. ಹೋಗುವಾಗ ಗಡಿಯಾರದಲ್ಲಿ ಎರಡೂವರೆ, ಬರುವಾಗ ಮೂವತ್ತು. ಅದೇ ಎರಡು ನಿಲ್ದಾಣ, ಅದೇ ದೂರ. ಗೊತ್ತಿಲ್ಲದವರು ತಲೆ ಕೆಡಿಸಿಕೊಳ್ಳದೆ ಇರುತ್ತಾರಾ?

ಕೂರುವ ಹೊತ್ತೇ ಒಂದೂವರೆ ಗಂಟೆ ಜಾಸ್ತಿ ಆದದ್ದಕ್ಕೆ ಗಾಳಿ ಕಾರಣ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. ಹೋಗುವಾಗ ಅದು ಬೆನ್ನಿಗೆ ನೂಕುತ್ತದೆ. ಜಪಾನ್ ದಾಟುವಾಗ ಎದುರಿನ ಪರದೆಯಲ್ಲಿ ವೇಗ 1,080 ಎಂದು ತೋರಿಸಿದ್ದನ್ನು ಬರೆದಿಟ್ಟಿದ್ದೇನೆ. ಬರುವಾಗ ಒಂದು ಹೊತ್ತಿನಲ್ಲಿ 830. ಆಷಾಢದ ಗಾಳಿಗೆ ಎದುರಾಗಿ ತುರುವೇಕೆರೆ ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಶನಿವಾರದ ಬಗ್ಗೆ ಒಂದು ಮಾತು. ನಾನು ಶನಿವಾರ ಒಪ್ಪತ್ತು ಮಾಡುವವಳು. ಹೊರಟ ಅರ್ಧ ಗಂಟೆಗೆ ಎಚ್‌ಎಂಟಿಯಲ್ಲಿ ಬೆಳಿಗ್ಗೆ ಹತ್ತಾಗಿತ್ತು. ಶನಿವಾರವೆಲ್ಲ ವಿಮಾನದೊಳಗೇ ಕಳೆಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ್ದರಿಂದ, ಊಟ ತಂದಾಗ ಒಂದೇ ಹೊತ್ತು ತೆಗೆದುಕೊಂಡು ಉಳಿದ ಹೊತ್ತು ಹಣ್ಣು, ಹಾಲಿನಲ್ಲಿ ಕಳೆದೆ. ನನ್ನ ಜೊತೆ ಬಂದ ಹಾಸನದ ಕಡೆಯ ಅಜ್ಜಿ ಒಬ್ಬರು ಇಳಿಯುವಾಗ ‘ಇವತ್ತು ಶನಿವಾರ ಅಲ್ವಾ?’ ಎಂದು ಕೇಳಿ, ಭಾನುವಾರ ಅಂತ ಗೊತ್ತಾದಾಗ ತುಂಬಾ ಪೇಚಾಡಿಕೊಂಡರು. ತಿಥಿ, ವಾರ ನೋಡುವವರಿಗೆ, ಶ್ರಾದ್ಧದ ದಿನಕ್ಕೆ ಊರು ಸೇರಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ನೇರ ವಿಮಾನ ಯಾವಾಗಲೂ ಇರುವುದಿಲ್ಲ, ಎಲ್ಲರ ಕೈಗೂ ಎಟುಕುವುದಿಲ್ಲ. ಹೆಚ್ಚಿನವರು ನಡುವೆ ಒಂದು ಕಡೆ ಇಳಿದು ಹತ್ತುತ್ತಾರೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ದಾರಿ ಸುಮಾರು ಹದಿನಾರೂವರೆ ಸಾವಿರ ಕಿ.ಮೀ. ಆಗುತ್ತದೆ. ದುಬೈ ಮೇಲಾದರೆ 16 ಸಾವಿರಕ್ಕೆ ಸ್ವಲ್ಪ ಕಡಿಮೆ. ದುಬೈನಲ್ಲಿ ಇಳಿದರೆ ಪ್ರಯಾಣ ಅರ್ಧ ಮುಗಿಯಿತು ಅಂತ ಎಷ್ಟೋ ಜನ ಉಸಿರು ಬಿಡುತ್ತಾರೆ. ಅಲ್ಲಿಗೆ ಮುಗಿದಿರುವುದು 2,700 ಕಿ.ಮೀ., ಮುಂದೆ 13 ಸಾವಿರ ಬಾಕಿ ಇರುತ್ತದೆ. ಇದನ್ನೂ ಯಾರೂ ಮೊದಲೇ ಹೇಳುವುದಿಲ್ಲ.

ಹಾಗಾಗಿ ಮುಂದೆ ಇಂಥ ಪ್ರಶ್ನೆ ಬಂದಾಗ ನಾಲ್ಕು ಸಾಲು ಕೊಡಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಬಗ್ಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ಅತಿ ಹತ್ತಿರದ ದಾರಿ ಸುಮಾರು 14 ಸಾವಿರ ಕಿ.ಮೀ., ವಿಮಾನ ಹಾರುವುದು ಅದಕ್ಕಿಂತ ಜಾಸ್ತಿ. ನೇರ ವಿಮಾನವಾದರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ ಸುಮಾರು ಹದಿನೇಳೂವರೆ ಗಂಟೆ ಕೂರಬೇಕು. ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ಹದಿಮೂರೂವರೆ, ಉಳಿದಂತೆ ಹನ್ನೆರಡೂವರೆ ಗಂಟೆ ಹಿಂದೆ. ಔಷಧಿ ಕೈಚೀಲದಲ್ಲಿರಲಿ, ಹೊತ್ತನ್ನು ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ.

ಟಿಕೆಟ್ ಮಾಡಿಸಿಕೊಡುವವರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಮನವಿ. ನೀವು ಕೊಡುವ ಹಾಳೆಯಲ್ಲಿ ಎರಡು ಊರಿನ ಸಮಯಕ್ಕೆ ಹಳದಿ ಬಣ್ಣ ಬಳಿದರೆ ಸಾಲದು. ಒಟ್ಟು ಎಷ್ಟು ಗಂಟೆ ಅನ್ನುವುದು ಅದೇ ಹಾಳೆಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಕನ್ನಡದಲ್ಲಿ ಪೆನ್ನಿನಿಂದ ದಪ್ಪಗೆ ಬರೆದುಕೊಡಿ. ‘ಇಳಿಯುವಾಗ ನಮ್ಮೂರಲ್ಲಿ ಮಾರನೇ ಬೆಳಿಗ್ಗೆ ಆರೂವರೆ’ ಅಂತ ಒಂದು ಸಾಲು ಇದ್ದಿದ್ದರೆ ನಮ್ಮ ಭಾವ ಆ ಪೆನ್ನನ್ನು ಟವೆಲಿನಲ್ಲಿ ಸುತ್ತಿ ಇಡುತ್ತಿರಲಿಲ್ಲ.

ಭಾವ ಈಗ ಚೆನ್ನಾಗಿದ್ದಾರೆ. ಬರುವ ಡಿಸೆಂಬರ್‌ನಲ್ಲಿ ಮೊಮ್ಮಗನನ್ನು ನೋಡಲು ಮತ್ತೆ ಹೊರಡುತ್ತಿದ್ದಾರೆ. ಎರಡು ಊರಿನ ಸಮಯದ ಹಾಳೆಯನ್ನು ನಾನೇ ಬರೆದುಕೊಟ್ಟಿದ್ದೇನೆ, ಡಾಕ್ಟರು ಗುರುತು ಹಾಕಿಕೊಟ್ಟಿದ್ದಾರೆ. ಅದರ ಒಂದು ಜೆರಾಕ್ಸ್ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಔಷಧಿಯ ಹೆಸರುಗಳನ್ನು ಅಳಿಸಿ, ಬೇಕಾದರೆ ಮಾದರಿಯಾಗಿ ಅಚ್ಚು ಹಾಕಿ.

ಇಂತಿ,
ನಿವೃತ್ತ ಶಿಕ್ಷಕಿ, ತಿಪಟೂರು